ಲಾಭ, ಎರಡು, ಮೂರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಇವತ್ತಿಗೂ ಹೇಳುತ್ತಾರೆ. ಹೇಳಲಿ. ಆ ಕೋಪ ಇಲ್ಲದೇ ಹೋಗಿದ್ದರೆ ನನ್ನ ದೊಡ್ಡ ಮಗಳು ಕಾನ್ವೆಂಟಿನ ಮೆಟ್ಟಿಲು ಹತ್ತುತ್ತಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಮನೆಯವರು ನಾಲೆ ಆಫೀಸಿನಲ್ಲಿ ಗುಮಾಸ್ತರು. ಮಳವಳ್ಳಿಯಿಂದ ಮಂಡ್ಯಕ್ಕೆ ವರ್ಗವಾಗಿ ಬಂದು ಒಂದು ವಠಾರದಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೆವು. ಸಿಸ್ಟರುಗಳು ನಡೆಸುವ ಇಂಗ್ಲಿಷ್ ಶಾಲೆ ಅಲ್ಲಿಂದ ನಡೆಯುವಷ್ಟು ದೂರದಲ್ಲಿತ್ತು. ಬೆಳಿಗ್ಗೆ ಒಗೆದ ಬಟ್ಟೆ ಹರವುವಾಗ ನೀಲಿ ಲಂಗ, ಬಿಳಿ ಷರಟು, ಕಾಲಿಗೆ ಬೂಟು ಹಾಕಿಕೊಂಡ ಹೆಣ್ಣುಮಕ್ಕಳು ಸಾಲಾಗಿ ಹೋಗುತ್ತಿದ್ದರು. ಬಟ್ಟೆ ಕೈಯಲ್ಲೇ ಹಿಡಿದುಕೊಂಡು ಅವರು ತಿರುವು ದಾಟುವವರೆಗೂ ನೋಡುತ್ತಿದ್ದೆ. ನನ್ನ ಮಗಳೂ ಹಾಗೆ ಹೋಗಬೇಕು ಅಂತ ನಿರ್ಧಾರ ಮಾಡಿಬಿಟ್ಟೆ. ಯಾರನ್ನೂ ಕೇಳಲಿಲ್ಲ.

ಇದರ ಹಿಂದೆ ನನ್ನದೇ ಒಂದು ನೋವು ಇತ್ತು, ಮುಚ್ಚಿಡುವುದೇನು. ನಾನು ಕೊತ್ತತ್ತಿಯವಳು. ಏಳನೇ ಕ್ಲಾಸಿನಲ್ಲಿ ಇಡೀ ಸ್ಕೂಲಿಗೇ ಮೊದಲು ಬಂದಿದ್ದೆ. ಈ ಹುಡುಗಿಯನ್ನು ಮಂಡ್ಯದ ಹೈಸ್ಕೂಲಿಗೆ ಕಳಿಸಿ ಎಂದು ಹೆಡ್‌ಮಾಸ್ತರು ಮನೆ ಬಾಗಿಲಿಗೆ ಬಂದು ಹೇಳಿದರು. ನಮ್ಮಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದವನು ತಲೆ ಎತ್ತಲಿಲ್ಲ. "ಎಣ್ಮಗೀನ ಅಷ್ಟು ದೂರ ಕಳ್ಸಕ್ಕಾಯ್ತದಾ ಮೇಷ್ಟ್ರೆ?" ಎಂದು ಒಂದೇ ಮಾತಿನಲ್ಲಿ ಮುಗಿಸಿದ. ನನ್ನ ಜೊತೆಯ ಹುಡುಗರು, ನನ್ನ ಸ್ಲೇಟು ನೋಡಿ ಲೆಕ್ಕ ಬರೆದುಕೊಂಡವರು, ಸೈಕಲ್ಲು ಹತ್ತಿ ಹೈಸ್ಕೂಲಿಗೆ ಹೋದರು. ನಾನು ಗದ್ದೆಗೆ ಬುತ್ತಿ ಹೊತ್ತೆ.

ಕಾನ್ವೆಂಟಿನಲ್ಲಿ ಸೀಟು ಸುಲಭಕ್ಕೆ ಸಿಗುತ್ತಿರಲಿಲ್ಲ. ಮಗುವನ್ನು ಒಳಗೆ ಕರೆದು ಪರೀಕ್ಷೆ ಮಾಡುತ್ತಿದ್ದರು. ಎದುರು ಮನೆಯ ಓವರ್‌ಸಿಯರ್ ಹೆಂಡತಿಗೆ ಅಲ್ಲಿಯ ಒಳಹೊರಗೆಲ್ಲ ಗೊತ್ತಿತ್ತು. ಆಕೆ ಬೆಂಗಳೂರಿನಲ್ಲಿ ಪಿ.ಯು.ಸಿ. ಓದಿದವಳು. ದೊಡ್ಡ ಮಗಳು ಆಗಲೇ ಅಲ್ಲಿ ಓದುತ್ತಿದ್ದಳು, ಚಿಕ್ಕವಳನ್ನು ನನ್ನ ಮಗಳ ಜೊತೆಗೇ ಒಂದನೇ ತರಗತಿಗೆ ಸೇರಿಸುವವಳಿದ್ದಳು.

"ಹೆಸರು ಕೇಳ್ತಾರೆ, ಬಣ್ಣ ಕೇಳ್ತಾರೆ, ಏನಾದರೂ ಕೊಟ್ಟು ಎಣಿಸು ಅಂತಾರೆ. ಎಲ್ಲಾ ಇಂಗ್ಲಿಷಿನಲ್ಲೇ," ಎಂದಳು. "ಆಮೇಲೆ ತಾಯಿಯನ್ನೂ ಮಾತಾಡಿಸ್ತಾರೆ ರೀ. ಮನೇಲಿ ಹೇಳ್ಕೊಡೋರು ಇದಾರಾ ಇಲ್ವಾ ಅಂತ ನೋಡೋದೇ ಅದರಲ್ಲಿ. ನಿಮಗೆ ಸ್ವಲ್ಪ ಕಷ್ಟ ಆಗಬಹುದು."

ಆಕೆ ಕೆಟ್ಟ ಮನಸ್ಸಿನಿಂದ ಹೇಳಿದಳು ಎನ್ನಲಾರೆ. ಆದರೆ ಆ "ಕಷ್ಟ ಆಗಬಹುದು" ಎನ್ನುವ ಮಾತು ಒಲೆಗೆ ಸೀಮೆಎಣ್ಣೆ ಹುಯ್ದ ಹಾಗಾಯಿತು. ಅವತ್ತೇ ಪೇಟೆ ಬೀದಿಗೆ ಹೋಗಿ ಚಿತ್ರ ಇರುವ ಎ ಬಿ ಸಿ ಡಿ ಪುಸ್ತಕ ತಂದೆ.

ಮೊದಲು ನಾನು ಕಲಿಯಬೇಕಾಗಿತ್ತು. ಊಟದ ಹೊತ್ತಿಗೆ ಮನೆಯವರು ಬಂದಾಗ ಒಂದೊಂದು ಪುಟ ಹೇಳಿಸಿಕೊಳ್ಳುವುದು, ಮಧ್ಯಾಹ್ನ ಚಿಕ್ಕ ಕೂಸು ಮಲಗಿದಾಗ ಅದನ್ನೇ ಬಾಯಿಪಾಠ ಮಾಡುವುದು, ಸಂಜೆ ಮಗಳಿಗೆ ದಾಟಿಸುವುದು. ಅನ್ನದ ಗಂಜಿ ಬಸಿಯುತ್ತ "ಆರೆಂಜ್, ಪರ್ಪಲ್" ಎಂದು ಗೊಣಗುತ್ತಿದ್ದೆ. ಕೋಳಿಯ ಚಿತ್ರ ತೋರಿಸಿದರೆ ಮಗಳು "ಎನ್ನು" ಅನ್ನುವಳು. ನಾನು "ಎನ್ನು ಅಲ್ಲ ಕಣೇ, ಹೆನ್ನು" ಎಂದು ಗದರುವೆ. ಮನೆಯವರು ಮೊಸರನ್ನ ಕಲೆಸುತ್ತ ನಗುವರು. ಅಂತೂ ಒಂದು ತಿಂಗಳಲ್ಲಿ ಹೆಸರು, ಬಣ್ಣ, ಹಣ್ಣು, ಪ್ರಾಣಿ ಎಲ್ಲ ಬಂದವು. ನೂರರವರೆಗೆ ಒನ್, ಟೂ, ತ್ರೀ ಎಂದು ಉಸಿರು ಬಿಡದೆ ಹೇಳುತ್ತಿದ್ದಳು. ಗೆದ್ದೆ ಅಂದುಕೊಂಡೆ.

ಆಮೇಲೆ ಒಂದು ದಿನ ಹುಣಸೆಬೀಜ ಮುಂದೆ ಸುರಿದು, ಎಣಿಸು ಎಂದೆ. ಮಗಳು ಮೊದಲನೆಯ ಬೀಜವನ್ನು ಬಲಗಡೆಗೆ ಸರಿಸಿದಳು. "ಲಾಭ," ಎಂದಳು. ಎರಡನೆಯದನ್ನು ಸರಿಸಿ "ಟೂ" ಎಂದಳು. ಆಮೇಲೆ "ತ್ರೀ, ಫೋರ್, ಫೈವ್."

ನನಗೆ ನಗು ಬರಲಿಲ್ಲ. ಇದು ಎಲ್ಲಿಂದ ಬಂತು ಎಂಬುದು ತಕ್ಷಣ ಗೊತ್ತಾಯಿತು. ಚಿಕ್ಕ ಕೂಸಿನ ಬಾಣಂತನಕ್ಕೆ ನಾನು ಕೊತ್ತತ್ತಿಯಲ್ಲಿದ್ದದ್ದು ಸುಗ್ಗಿಯ ಕಾಲ. ಮೂರು ತಿಂಗಳು ಇವಳು ತಾತನ ಪಂಚೆ ಹಿಡಿದುಕೊಂಡು ಕಣದಲ್ಲೇ ಬೆಳೆದಳು. ಕಣದಲ್ಲಿ ಭತ್ತ ಅಳೆಯುವಾಗ ಮೊದಲನೆಯ ಕೊಳಗಕ್ಕೆ ನಮ್ಮ ಕಡೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಇಪ್ಪತ್ತು ಕೊಳಗವಾದರೆ ಒಂದು ಖಂಡುಗ. ಗುರುತಿಗೆ ಒಂದು ಹಿಡಿ ಭತ್ತ ಪಕ್ಕದಲ್ಲಿಟ್ಟು ಮತ್ತೆ ಲಾಭದಿಂದ ಶುರು. ಆ ಹಿಡಿ ಇಡುವ ಕೆಲಸವನ್ನು ತಾತ ಮೊಮ್ಮಗಳಿಗೆ ವಹಿಸಿದ್ದ.

ಗದರಿದೆ, ಮುದ್ದಿಸಿದೆ, ಬೆಲ್ಲ ಕೊಟ್ಟೆ. ಬಾಯಲ್ಲಿ ಹೇಳು ಎಂದರೆ ಒನ್ ಎಂದೇ ಶುರು ಮಾಡುವಳು. ಮುಂದೆ ಏನಾದರೂ ಇಟ್ಟು ಕೈಯಾಡಿಸಿ ಎಣಿಸು ಎಂದರೆ ಮಾತ್ರ ಲಾಭ. ಕೈ ಆಡಿತೆಂದರೆ ಅವಳಿಗೆ ಅದು ಅಳತೆಯೇ. ಒಂದು ಸಲ ಬೆನ್ನಿಗೆ ಒಂದೇಟು ಹಾಕಿಯೂ ಬಿಟ್ಟೆ. ಅಳುತ್ತಲೇ ಬೀಜ ಎಳೆದುಕೊಂಡು "ಲಾಭ" ಎಂದಳು. ಆ ಏಟು ಹಾಕಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಭಾನುವಾರ ಬಸ್ಸು ಹತ್ತಿ ಅಪ್ಪನ ಮೇಲೆ ಜಗಳಕ್ಕೆ ಹೋದೆ.

"ಏನಪ್ಪಾ ನೀನು ಮಗೀಗೆ ಕಲ್ಸಿರೋದು? ಪರೀಕ್ಸೆಲಿ ಲಾಭ ಅಂತ ಕೂತ್ಕಂಡ್ರೆ ಸೀಟು ಕೊಟ್ಟಾರಾ?"

ಅಪ್ಪ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. "ಅಳಿಯೋವಾಗ ಒಂದು ಅನ್ಬಾರ್ದು ಕಣವ್ವ. ಒಂದು ಅಂದ್ರೆ ಒಂದಕ್ಕೇ ನಿಂತೋಯ್ತದೆ."

"ಅವ್ರೇನು ಅಲ್ಲಿ ಬತ್ತ ಅಳಿತಾರಾ?"

"ಏನ್ ಅಳಿತಾರೋ ಅವ್ರನ್ನೇ ಕೇಳೋಗು. ಮಗ ತಪ್ಪು ಎಣಿಸ್ತಾ? ಅದೇಳು ಮೊದ್ಲು."

ತಪ್ಪು ಎಣಿಸುತ್ತಿರಲಿಲ್ಲ. ಒಂದು ಸಲವೂ ತಪ್ಪಿರಲಿಲ್ಲ. ಆದರೆ ಅದನ್ನು ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ನನ್ನನ್ನಂತೂ ಓದಿಸಲಿಲ್ಲ, ಈಗ ನನ್ನ ಮಗಳ ಓದಿಗೂ ಕಲ್ಲು ಹಾಕಿದೆ ಎಂದು ಬಾಯಿಗೆ ಬಂದ ಹಾಗೆ ಅಂದು ನೀರೂ ಕುಡಿಯದೆ ವಾಪಸು ಬಂದೆ.

ಪರೀಕ್ಷೆಯ ದಿನ ಮನೆಯವರು ಆಫೀಸಿಗೆ ಹೊರಡುವ ಮೊದಲು ನನಗೂ ಒಂದು ಪಾಠ ಹೇಳಿದರು. "ನಿನ್ನ ಓದು ಕೇಳಿದರೆ ಎಸ್ಸೆಸ್ಸೆಲ್ಸಿ ಫೇಲು ಅನ್ನು. ಫೇಲಾದೋರ ಹತ್ತಿರ ಸರ್ಟಿಫಿಕೇಟು ಯಾರೂ ಕೇಳಲ್ಲ." ಆಯಿತು ಎಂದೆ. ಚಿಕ್ಕ ಕೂಸನ್ನು ವಠಾರದ ಅಜ್ಜಿಯ ಕೈಗೆ ಕೊಟ್ಟು, ಮದುವೆಯ ರೇಷ್ಮೆ ಸೀರೆ ಉಟ್ಟು, ಮಗಳಿಗೆ ಎರಡು ಜಡೆ ಹಾಕಿ ಹೊರಟೆ. ಆ ಸೆಕೆಯಲ್ಲಿ ರೇಷ್ಮೆ ಸೀರೆ ಉಟ್ಟವಳು ನಾನೊಬ್ಬಳೇ. ಮಿಕ್ಕವರೆಲ್ಲ ವಾಯಿಲ್ ಸೀರೆಯಲ್ಲಿ ತಣ್ಣಗೆ ಕೂತಿದ್ದರು.

ಒಳಗೆ ದೊಡ್ಡ ಮೇಜಿನ ಹಿಂದೆ ಹೆಡ್‌ಸಿಸ್ಟರು, ಪಕ್ಕದಲ್ಲಿ ಒಬ್ಬರು ಟೀಚರು. ಹೆಡ್‌ಸಿಸ್ಟರು ಕೇರಳದ ಕಡೆಯವರು. ಕನ್ನಡ ಬರುತ್ತಿತ್ತು, ಅಳೆದು ತೂಗಿ ಆಡುತ್ತಿದ್ದರು. ಮಗಳು ಹೆಸರು ಹೇಳಿದಳು. ಬಣ್ಣ ಹೇಳಿದಳು. ಕೋಳಿಯ ಚಿತ್ರ ತೋರಿಸಿದಾಗ "ಹೆನ್ನು" ಎಂದು ಅಷ್ಟು ಜೋರಾಗಿ ಕೂಗಿದಳೆಂದರೆ ಸಿಸ್ಟರೇ ನಕ್ಕರು. ಆಮೇಲೆ ಟೀಚರು ಒಂದು ತಟ್ಟೆಯಲ್ಲಿ ಬಣ್ಣದ ಮಣಿ ಹಾಕಿ ಮುಂದಿಟ್ಟು, "ಕೌಂಟ್" ಎಂದರು.

ಮಗಳು ಮಣಿ ಸರಿಸಿದಳು. "ಲಾಭ, ಟೂ, ತ್ರೀ..." ಎಂದು ಒಂಬತ್ತರವರೆಗೆ ಹೋಗಿ ನಿಲ್ಲಿಸಿದಳು.

"ನೋ, ನೋ. ಒನ್ ಎಲ್ಲಿ?" ಎಂದರು ಟೀಚರು.

ಮಗಳು ಮತ್ತೆ ಎಣಿಸಿದಳು. ಮತ್ತೆ ಲಾಭ. ಟೀಚರು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಹೆಡ್‌ಸಿಸ್ಟರು ಹಾಳೆಯ ಮೇಲೆ ಏನೋ ಬರೆಯಲು ಪೆನ್ನು ಎತ್ತಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮಗಳು ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ನೀರು ತುಂಬಿತ್ತು. ಏಟು ಬೀಳುತ್ತದೆ ಎಂದು ಹೆದರಿದ್ದಳು. ಅದನ್ನು ನೋಡಿದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. ಟೀಚರ ಮೇಲೋ, ನನ್ನ ಮೇಲೆ ನನಗೋ, ಗೊತ್ತಿಲ್ಲ. ತಾಯಂದಿರು ಸುಮ್ಮನಿರಬೇಕು ಎಂದು ಹೊರಗೇ ಹೇಳಿದ್ದರು. ನಾನು ಎದ್ದು ನಿಂತೆ.

"ತಪ್ಪು ಎಣಿಸ್ಲಿಲ್ಲ ಸಿಸ್ಟರ್ ಅದು," ಎಂದೆ. ಕಲಿತಿದ್ದ ನಯವಾದ ಮಾತೆಲ್ಲ ಎಲ್ಲಿ ಹೋಯಿತೋ. "ನಮ್ಮ ಕಡೆ ಕಣದಲ್ಲಿ ಬತ್ತ ಅಳಿಯೋವಾಗ ಮೊದಲ್ನೇದಕ್ಕೆ ಲಾಭ ಅಂತೀವಿ. ಅವ್ಳ ತಾತ ಕಲ್ಸಿರೋದು. ಒಂಬತ್ತು ಮಣಿ ಐತೋ ಇಲ್ವೋ ನೀವೇ ನೋಡಿ. ಬೇಕಾದ್ರೆ ಇನ್ನೂ ಹಾಕಿ, ಎಣಿಸ್ತಾಳೆ."

ಹೆಡ್‌ಸಿಸ್ಟರು ಪೆನ್ನು ಕೆಳಗಿಟ್ಟರು. "ಎಷ್ಟು ಹಾಕಬಹುದು?" ಎಂದು ಕೇಳಿದರು.

"ಎಷ್ಟಾದ್ರೂ ಹಾಕಿ."

ಸಿಸ್ಟರು ತಟ್ಟೆ ಪಕ್ಕಕ್ಕೆ ಸರಿಸಿ, ಬೀರುವಿನಿಂದ ಬೇರೊಂದು ತಗಡಿನ ಡಬ್ಬಿ ತೆಗೆದು ಅಷ್ಟೂ ಮಣಿಯನ್ನು ನೆಲದ ಚಾಪೆಯ ಮೇಲೆ ಸುರಿದರು. ರಾಶಿ ಕಂಡದ್ದೇ ತಡ, ನನ್ನ ಮಗಳು ಕಣ್ಣೊರೆಸಿಕೊಂಡಳು. ಲಂಗ ಮೇಲಕ್ಕೆಳೆದು ಪೂರ್ವಕ್ಕೋ ಪಶ್ಚಿಮಕ್ಕೋ ಎಂದು ಕಿಟಕಿಯ ಬೆಳಕು ನೋಡಿ, ತಾತ ಕೂರುವ ಹಾಗೆಯೇ ಮೂಡಲಿಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಳು. ಗೋಡೆಯ ಕೆಳಗೆ ಬಿದ್ದಿದ್ದ ಸೀಮೆಸುಣ್ಣದ ಚೂರುಗಳನ್ನು ಬಳಿದು ಹತ್ತಿರ ಇಟ್ಟುಕೊಂಡಳು. "ಲಾಭ, ಎರಡು, ಮೂರು..." ಇಂಗ್ಲಿಷು ಬಿಟ್ಟೇ ಹೋಯಿತು. ಇಪ್ಪತ್ತಾದಾಗ ಒಂದು ಚೂರು ಪಕ್ಕಕ್ಕಿಟ್ಟಳು. ಮತ್ತೆ ಲಾಭ. ಮಧ್ಯೆ ಟೀಚರು ಏನೋ ಕೇಳಿದರೆ ಉತ್ತರ ಕೊಡಲಿಲ್ಲ. ಅಳೆಯುವಾಗ ಮಾತಾಡಬಾರದು ಎನ್ನುವುದೂ ಅವಳಿಗೆ ಗೊತ್ತಿತ್ತು. ಕೊನೆಗೆ ಎದ್ದು ನಿಂತು ಕೈ ಕೊಡವಿದಳು.

"ನಾಕು ಖಂಡುಗ, ಅದಿನೇಳು ಕೊಳಗ," ಎಂದಳು.

ನಾನು ಮನಸ್ಸಿನಲ್ಲೇ ಕೂಡಿ, "ತೊಂಬತ್ತೇಳು ಸಿಸ್ಟರ್," ಎಂದೆ.

"ಡಬ್ಬಿಯಲ್ಲಿ ನೂರು ಇದೆ," ಎಂದರು ಟೀಚರು. ಮುಖದಲ್ಲಿ ಗೆದ್ದ ಕಳೆ ಇತ್ತು.

"ಎಣಿಸಿ," ಎಂದರು ಹೆಡ್‌ಸಿಸ್ಟರು ಅವರಿಗೆ.

ಟೀಚರು ಸೀರೆ ಒತ್ತಿ ಹಿಡಿದುಕೊಂಡು ಚಾಪೆಯ ಮೇಲೆ ಕೂತರು. ಒನ್, ಟೂ ಎಂದು ಎಣಿಸುತ್ತ ಹೋದರು. ನಡುವೆ ಒಂದು ಸಲ ಲೆಕ್ಕ ತಪ್ಪಿ ಮೊದಲಿನಿಂದ ಶುರು ಮಾಡಿದರು. ಆಗ ನನಗಾದ ಖುಷಿಯನ್ನು ಹೇಳಿದರೆ ನೀವು ನನ್ನನ್ನು ಕೆಟ್ಟವಳು ಎನ್ನುತ್ತೀರಿ. ತೊಂಬತ್ತೇಳಕ್ಕೆ ಮಣಿ ಮುಗಿಯಿತು. ಮೂರು ಮಣಿ ಯಾವತ್ತು ಯಾವ ಬೀರುವಿನ ಕೆಳಗೆ ಉರುಳಿದ್ದವೋ, ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಹೆಡ್‌ಸಿಸ್ಟರು ಮಗಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. "ಇಂಗ್ಲಿಷು ಯಾರು ಕಲಿಸಿದ್ದು?"

"ನಾನೇ."

"ನೀವು ಎಷ್ಟು ಓದಿದ್ದೀರಿ?"

ಎಸ್ಸೆಸ್ಸೆಲ್ಸಿ ಫೇಲು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾನು ಯಾವ ಪರೀಕ್ಷೆಯಲ್ಲೂ ಫೇಲಾದವಳಲ್ಲ. ಸುಳ್ಳಿಗಾದರೂ ಯಾಕೆ ಫೇಲಾಗಲಿ? "ಏಳನೇ ಕ್ಲಾಸು. ಸ್ಕೂಲಿಗೇ ಫಸ್ಟು. ಆಮೇಲೆ ಓದಿಸ್ಲಿಲ್ಲ," ಎಂದೆ. ಸಿಸ್ಟರು ಅದನ್ನೂ ಹಾಳೆಯ ಮೇಲೆ ಬರೆದುಕೊಂಡರು.

ಮುಂದಿನ ವಾರ ಪಟ್ಟಿ ಅಂಟಿಸಿದರು. ಮನೆಯವರು ಆಫೀಸು ಬಿಟ್ಟ ಮೇಲೆ ನೋಡಿಕೊಂಡು ಬರುತ್ತೇನೆ ಎಂದಿದ್ದರು, ಅಷ್ಟು ಹೊತ್ತು ಯಾರು ಕಾಯುತ್ತಾರೆ? ಚಿಕ್ಕದನ್ನು ಸೊಂಟಕ್ಕೆ ಏರಿಸಿಕೊಂಡು, ದೊಡ್ಡದರ ಕೈ ಹಿಡಿದು ಬೆಳಿಗ್ಗೆಯೇ ಹೋದೆ. ಪಟ್ಟಿಯೆಲ್ಲ ಇಂಗ್ಲಿಷಿನಲ್ಲಿತ್ತು. ಯಾರನ್ನೂ ಕೇಳದೆ, ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿಕೊಂಡು ಓದುತ್ತ ಇಳಿದೆ. ಹನ್ನೆರಡನೆಯ ಸಾಲಿನಲ್ಲಿ ನನ್ನ ಮಗಳ ಹೆಸರು. ಅಂಗಳದ ಮಧ್ಯೆ ನಿಂತು "ಸಿಕ್ತು ಕಣಮ್ಮಾ!" ಎಂದು ಕೂಗಿದೆ. ಕೊತ್ತತ್ತಿಯ ಗದ್ದೆಯ ಆ ಬದುವಿಗೆ ಕೇಳಬೇಕು, ಹಾಗೆ. ವಾಯಿಲ್ ಸೀರೆಯವರೆಲ್ಲ ತಿರುಗಿ ನೋಡಿದರು. ನೋಡಲಿ. ಓವರ್‌ಸಿಯರ್ ಮಗಳ ಹೆಸರೂ ಇತ್ತು, ಹದಿನೆಂಟನೆಯ ಸಾಲಿನಲ್ಲಿ. ಎರಡು ಸಲ ನೋಡಿಕೊಂಡೆ. ಆಮೇಲೆ ಅವರ ಮನೆಗೇ ಹೋಗಿ ಮೊದಲು ಅವರಿಗೆ ಸಕ್ಕರೆ ಕೊಟ್ಟೆ. ಗೆದ್ದವರಿಗೆ ಒಳ್ಳೆಯತನ ಸುಲಭ.

ಮಧ್ಯಾಹ್ನದ ಬಸ್ಸಿಗೆ ಮಕ್ಕಳೊಂದಿಗೆ ಕೊತ್ತತ್ತಿಗೆ ಹೋದೆ. ಅಪ್ಪ ಗದ್ದೆಯಿಂದ ಬಂದು ಊಟಕ್ಕೆ ಕೂತಿದ್ದ. ಅವ್ವ ನನಗೂ ತಟ್ಟೆ ಇಟ್ಟಳು. ನಡೆದದ್ದನ್ನೆಲ್ಲ ಹೇಳಿದೆ. ಟೀಚರು ಲೆಕ್ಕ ತಪ್ಪಿದ್ದಕ್ಕೆ ಅವ್ವ ಸೆರಗು ಮುಚ್ಚಿಕೊಂಡು ನಕ್ಕಳು. ಅಪ್ಪ ನಗಲಿಲ್ಲ. ಮುದ್ದೆ ಮುರಿದವನು ಹಾಗೇ ಹಿಡಿದುಕೊಂಡಿದ್ದ.

"ಅವತ್ತು ನಿನ್ನೂ ಕಳಿಸ್ಬೇಕಾಗಿತ್ತು ಕಣವ್ವ," ಎಂದ. "ಮೇಷ್ಟ್ರು ಬಂದು ಏಳುದ್ರು. ತಪ್ಪು ಮಾಡ್ಬುಟ್ಟೆ."

ಬಡಿಸುತ್ತಿದ್ದ ಅವ್ವನ ಕೈ ನಿಂತಿತು. ಅಪ್ಪ ಯಾರ ಮುಂದೆಯೂ ತಪ್ಪಾಯಿತು ಎಂದದ್ದನ್ನು ನಾವಿಬ್ಬರೂ ಕೇಳಿರಲಿಲ್ಲ. ಬುಡಪ್ಪ, ಆದದ್ದಾಯ್ತು ಎನ್ನಬೇಕು, ಒಳ್ಳೆಯ ಮಗಳಾದವಳು. ನಾನು ಅನ್ನಲಿಲ್ಲ.

"ಊಂ ಕಣಪ್ಪ. ತಪ್ಪೇ ಮಾಡ್ದೆ," ಎಂದೆ.

ಅಪ್ಪ ತಲೆಯಾಡಿಸಿ ಮುದ್ದೆ ಬಾಯಿಗಿಟ್ಟುಕೊಂಡ. ನನಗೆ ಹಸಿವೋ ಹಸಿವು. ತಟ್ಟೆಯನ್ನು ಅವ್ವನ ಕಡೆ ಚಾಚಿ, ಇನ್ನೊಂದು ಮುದ್ದೆ ಹಾಕವ್ವ ಎಂದೆ.