ಏಕಾದಶಿಗೆ ನಡೆಯುವ ಉಪ್ಪು

ಕಳೆದ ತಿಂಗಳು ಜಯನಗರದ ನನ್ನ ಲಿವರ್ ಡಾಕ್ಟರ್ ರಿಪೋರ್ಟ್ ನೋಡಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, "ಮೇಡಂ, ನೀವು ಉಪ್ಪು ತಿಂತಾ ಇದ್ದೀರ" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು, ಕಾಪಿ ಹೊಡೆಯುವವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದವಳು ನಾನು. ನನ್ನನ್ನೇ ಸುಳ್ಳುಬುರುಕಿ ಮಾಡುವುದೇ?

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ನನಗೆ ಸಿರೋಸಿಸ್. ಶುಗರ್ ಇತ್ತು, ಫ್ಯಾಟಿ ಲಿವರ್ ಇತ್ತು, ಎರಡನ್ನೂ ವರ್ಷಗಟ್ಟಲೆ ಉದಾಸೀನ ಮಾಡಿದೆ. ಈಗ ಲಿವರ್ ಗಟ್ಟಿಯಾಗಿದೆ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತದೆ.

ಒಂದು ತೊಟ್ಟು ಹೆಂಡ ಮುಟ್ಟಿದವಳಲ್ಲ. ಆದರೂ ಯಡಿಯೂರು ಕೆರೆಯ ವಾಕಿಂಗ್ ಮಂಡಳಿಯ ಮಹನೀಯರೊಬ್ಬರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು, "ಮೇಡಂಗೆ ಅಭ್ಯಾಸ ಇತ್ತಾ ಸಾರ್?" ಎಂದು ಕೇಳಿದರಂತೆ.

ಮರುದಿನ ಅವರೇ ಅಮೃತಬಳ್ಳಿ ಕಷಾಯದ ಬಾಟಲಿ ಹಿಡಿದು ಬಂದರು! ಡಾಕ್ಟರನ್ನು ಕೇಳದೆ ಯಾವ ಕಷಾಯವನ್ನೂ ಕುಡಿಯುವ ಹಾಗಿಲ್ಲ ಎಂದು ಹಿಂದಕ್ಕೆ ಕೊಟ್ಟೆ. ಇನ್ನೊಬ್ಬರು ಬೇಳೆ ಬಿಡಿ ಎಂದರು, ಮತ್ತೊಬ್ಬರು ವಾರಕ್ಕೆರಡು ಉಪವಾಸ ಮಾಡಿ ಎಂದರು.

ನನ್ನ ಡಾಕ್ಟರ್ ಹೇಳಿದ್ದು ಇದಕ್ಕೆಲ್ಲ ತದ್ವಿರುದ್ಧ. ಬೇಳೆ, ಮೊಸರು, ಪನೀರ್ ಚೆನ್ನಾಗಿ ತಿನ್ನಿ, ಹಸಿದು ಕೂರಬೇಡಿ, ಮಲಗುವ ಮುಂಚೆಯೂ ಏನಾದರೂ ತಿನ್ನಿ. ಉಪ್ಪು ಮಾತ್ರ ಅಳತೆಯಲ್ಲಿ.

ಅದೆಲ್ಲವನ್ನೂ ಚಾಚೂ ತಪ್ಪದೆ ಮಾಡಿದೆ. ಬೆಳಿಗ್ಗೆ ಎದ್ದು ಕಾಫಿಗೂ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಆಗಾಗ ಬ್ಲಡ್ ಟೆಸ್ಟ್, ಡಾಕ್ಟರ್ ಹೇಳಿದಾಗ ಎಂಡೋಸ್ಕೋಪಿ. ಒಂದನ್ನೂ ತಪ್ಪಿಸಿಲ್ಲ.

ಎರಡು ತಿಂಗಳ ಹಿಂದೆ ನನಗೆ ತೀರಾ ಸುಸ್ತಾದಾಗ ಅಡುಗೆ ಮಾಡಿಹಾಕಲು ಅತ್ತಿಗೆ, ಅಂದರೆ ನಮ್ಮ ಯಜಮಾನರ ಅಕ್ಕ, ಹನುಮಂತನಗರದಿಂದ ಬಂದರು. ಮೊದಲ ದಿನವೇ ಹೇಳಿದ್ದೆ. ನನ್ನ ಪಾಲಿನದಕ್ಕೆ ಉಪ್ಪು ಹಾಕಲೇಬೇಡಿ, ತಿನ್ನುವಾಗ ನನ್ನ ಚಿಟಿಕೆ ನಾನೇ ಹಾಕಿಕೊಳ್ಳುತ್ತೇನೆ. ಆಗಲಿ ಎಂದು ತಲೆಯಾಡಿಸಿದರು.

ಆಮೇಲೆ ಶುರುವಾಯಿತು ನೋಡಿ... ಹತ್ತು ದಿನದಲ್ಲಿ ಮೂರು ಕೆಜಿ ತೂಕ ಏರಿತು. ಕಾಲು ಊದಿತು, ಸೀರೆಯ ನೆರಿಗೆ ಹೊಟ್ಟೆಯ ಮೇಲೆ ನಿಲ್ಲದಾಯಿತು. ಡಾಕ್ಟರ್ ನೀರಿಳಿಸುವ ಮಾತ್ರೆ ಹೆಚ್ಚಿಸಿದರು. ಆದರೂ ಇಳಿಯಲಿಲ್ಲ.

ಉಪ್ಪು ಬಿಟ್ಟರೂ, ಮಾತ್ರೆ ಹೆಚ್ಚಿಸಿದರೂ ನೀರು ನಿಲ್ಲುತ್ತಿಲ್ಲ ಎಂದರೆ ಟ್ರಾನ್ಸ್‌ಪ್ಲಾಂಟ್ ಬಗ್ಗೆ ಯೋಚಿಸಬೇಕಾಗಬಹುದು ಎಂದರು ಡಾಕ್ಟರ್. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು ಕಣ್ಣು ಕೂಡ ಮಿಟುಕಿಸದೆ, "ನಂದು ಮ್ಯಾಚ್ ಆಗುತ್ತಾ ಸಾರ್?" ಎಂದು ಕೇಳಿದಳು.

ಅವಳಿಗಿನ್ನೂ ಮೂವತ್ತೊಂದು. ಮನೆಯಲ್ಲಿ ನಾಲ್ಕು ವರ್ಷದ ಕೂಸಿದೆ. ಅವಳ ಹೊಟ್ಟೆ ಕೊಯ್ದು ನನಗೆ ಲಿವರ್ ಹಾಕುವುದೇ ಎಂದು ಆಟೋದಲ್ಲಿ ಮನೆಯವರೆಗೂ ಅತ್ತೆ. ಅವಳು ಕೇಳಲಿಲ್ಲ, ಮರುವಾರವೇ ರಕ್ತ ಕೊಟ್ಟು ಬಂದಳು. ಅವಳ ಸ್ಕ್ಯಾನಿಗೂ ದಿನ ಗೊತ್ತಾಯಿತು.

ಅಷ್ಟರಲ್ಲಿ ಡಾಕ್ಟರಿಗೆ ಏನೋ ಅನುಮಾನ ಬಂತು. ಇಡೀ ಒಂದು ದಿನದ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ಟೆಸ್ಟಿಗೆ ಕೊಡಿಸಿದರು. ನಾನು ಮೊದಲಿಗೆ ಹೇಳಿದ್ದು ಆ ರಿಪೋರ್ಟಿನ ಕಥೆಯೇ.

"ಉಪ್ಪು ಒಳಗೆ ಹೋಗದೆ ಇಷ್ಟೊಂದು ಹೊರಗೆ ಬರಲ್ಲ ಮೇಡಂ."

ಲ್ಯಾಬಿನವರೂ ದಂಡ, ಡಾಕ್ಟರೂ ದಂಡ ಎಂದು ಬೈದುಕೊಂಡೇ ಮನೆಗೆ ಬಂದೆ. ನೀರು ಕುಡಿಯಲು ನೇರ ಅಡುಗೆಮನೆಗೆ ಹೋದರೆ, ಅತ್ತಿಗೆ ನನ್ನ ಪಾಲಿನ ತೊವ್ವೆಗೆ ಸ್ಟೀಲ್ ಡಬ್ಬಿಯಿಂದ ನಸುಗೆಂಪು ಪುಡಿಯನ್ನು ಧಾರಾಳವಾಗಿ ಉದುರಿಸುತ್ತಿದ್ದಾರೆ.

ಏನದು ಎಂದೆ.

"ಸೈಂಧವ ಕಣೇ, ಉಪ್ಪಲ್ಲ, ಹೆದರ್ಬೇಡ. ಏಕಾದಶಿಗೇ ನಡ್ಯತ್ತೆ, ನಿನ್ ಡಾಕ್ಟ್ರಿಗೆ ನಡ್ಯಲ್ವಾ?"

ನಮ್ಮ ಮನೆಗಳ ಪದ್ಧತಿಯೇ ಇದಲ್ಲವೇ? ಉಪವಾಸದ ದಿನ ಬಿಳಿ ಉಪ್ಪು ಅಟ್ಟ ಸೇರುತ್ತದೆ, ಸೈಂಧವ ಕೆಳಗಿಳಿಯುತ್ತದೆ. ಸಬ್ಬಕ್ಕಿ ಉಪ್ಪಿಟ್ಟು ಬಾಯಿ ತುಂಬ ತಿಂದು, ಇವತ್ತು ಉಪ್ಪು ಮುಟ್ಟಲಿಲ್ಲ ಎಂದು ದೇವರಿಗೆ ಲೆಕ್ಕ ಒಪ್ಪಿಸುತ್ತೇವೆ. ದೇವರು ದೊಡ್ಡವನು, ಸುಮ್ಮನಿದ್ದಾನೆ. ಲಿವರಿಗೆ ಅಷ್ಟು ದಾಕ್ಷಿಣ್ಯವಿಲ್ಲ. ನೆಲದಿಂದ ಅಗೆದರೂ ಸಮುದ್ರದಿಂದ ತೆಗೆದರೂ ಅದು ಉಪ್ಪೇ.

ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ನಿಮ್ಮ ಮಡಿ ಡಬ್ಬಿಯಿಂದಾಗಿ ನನ್ನ ಮಗಳು ಆಪರೇಷನ್ ಟೇಬಲ್ ಹತ್ತುತ್ತಿದ್ದಳು ಎಂದೆ. ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನನಗೆ ಒಂದಿಷ್ಟೂ ಕರುಣೆ ಬರಲಿಲ್ಲ, ಸುಳ್ಳೇಕೆ ಹೇಳಲಿ.

ಅಳು ನಿಂತಮೇಲೆ ಮೆಲ್ಲಗೆ ಒಂದು ಮಾತು ಹೇಳಿದರು.

"ಸಪ್ಪೆ ಊಟ ನೋಡಿ ನನ್ ಕರುಳು ಚುರ್ ಅಂತು, ಹಾಕ್ದೆ. ಆದ್ರೆ ನೀನೂ ಒಂದ್ ದಿನಾನೂ ಕೇಳ್ಲಿಲ್ವಲ್ಲೇ, ಯಾಕಿಷ್ಟು ರುಚಿ ಅಂತ..."

ಆ ಡಬ್ಬಿ ಹೋದಮೇಲೆ ಮೂರು ವಾರದಲ್ಲಿ ನಾಲ್ಕು ಕೆಜಿ ಇಳಿದಿದೆ. ಟ್ರಾನ್ಸ್‌ಪ್ಲಾಂಟ್ ಮಾತು ಸದ್ಯಕ್ಕೆ ಬೇಡ ಎಂದಿದ್ದಾರೆ ಡಾಕ್ಟರ್. ಮಗಳ ಸ್ಕ್ಯಾನ್ ಕ್ಯಾನ್ಸಲ್ ಆಯಿತು. ಫೋನಿನಲ್ಲಿ ಅವಳು ಮೊದಲು ನಕ್ಕಳು, ಆಮೇಲೆ ಬಹಳ ಹೊತ್ತು ಅತ್ತಳು.

ಅತ್ತಿಗೆಯ ದಡ್ಡತನವನ್ನು ನಂಟರಿಷ್ಟರಿಗೆಲ್ಲ ಫೋನ್ ಮಾಡಿ ಹೇಳಿಯಾಯಿತು, ಈಗ ಇಲ್ಲೂ ಬರೆಯುತ್ತಿದ್ದೇನೆ. ಆದರೆ ಅವರು ಬಂದ ಎರಡನೇ ದಿನವೇ ತೊವ್ವೆ ಹದವಾಗಿತ್ತು. ಅಬ್ಬಾ, ನಾಲಿಗೆ ಸಪ್ಪೆಗೆ ಒಗ್ಗಿಕೊಂಡಿತು ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಮೇಲೆ ನನ್ನ ಚಿಟಿಕೆಯನ್ನೂ ಬಿಡದೆ ಹಾಕಿಕೊಂಡು ಐದು ವಾರ ಚಪ್ಪರಿಸಿ ತಿಂದೆ.

ಮಗಳ ಹೊಟ್ಟೆಗೆ ಕತ್ತಿ ಹಾಕಿಸಲು ಹೊರಟಿದ್ದವರು ಯಾರು, ಅತ್ತಿಗೆಯೋ ನಾನೋ... ನೀವೇ ಹೇಳಿ.