ಬಿಚ್ಚಲು ಹೆದರಿದ ಪಟ್ಟಿ

ನನ್ನ ತಂಗಿ ಪುಕ್ಕಲಿಯಲ್ಲ. ಮದುವೆಗೆ ಮುಂಚೆಯೇ ಸ್ವಂತ ಹೊಲಿಗೆ ಅಂಗಡಿ ಇಟ್ಟವಳು. ಅಳತೆ ತಪ್ಪಿತೆಂದು ಜಗಳಕ್ಕೆ ಬಂದ ಗಿರಾಕಿ, ಇನ್ನೊಂದು ಬಟ್ಟೆ ಹೊಲಿಯಲು ಕೊಟ್ಟು ಹೋಗುವಂತೆ ಮಾಡುವ ಗಟ್ಟಿಗಿತ್ತಿ. ಅಂಥವಳು ಹೆರಿಗೆಯಾದ ಮೇಲೆ ತನ್ನ ಹೊಟ್ಟೆಯನ್ನೇ ನೋಡಿ ಹೆದರಿಬಿಟ್ಟಳು.

ಹಾಸಿಗೆಯಿಂದ ಏಳಲು ತಲೆ ಎತ್ತಿದಾಗ ಹೊಟ್ಟೆಯ ನಡುವೆ ಉದ್ದಕ್ಕೆ ಏನೋ ದಿಂಡಿನಂತೆ ಉಬ್ಬಿತಂತೆ. ಮುಟ್ಟಿದರೆ ಹೊಕ್ಕುಳ ಹತ್ತಿರ ಬೆರಳು ಒಳಕ್ಕೆ ಇಳಿಯಿತಂತೆ. ಆಪರೇಷನ್ ಇಲ್ಲದ ಹೆರಿಗೆ, ಹೊಟ್ಟೆಗೆ ಯಾರೂ ಕತ್ತರಿ ಹಾಕಿರಲಿಲ್ಲ. ಆದರೆ ಟೈಲರ್ ಬುದ್ಧಿ ಎಲ್ಲಿ ಹೋಗುತ್ತದೆ? ಒಳಗೆಲ್ಲೋ ಹೊಲಿಗೆ ಬಿಟ್ಟಿದೆ ಎಂದು ತಾನೇ ತೀರ್ಮಾನಿಸಿದಳು. ಹೊಲಿಗೆ ಬಿಟ್ಟ ಬಟ್ಟೆಯನ್ನು ಎಳೆಯಬಾರದು, ಅದರ ಮೇಲೆ ಭಾರ ಬೀಳಬಾರದು. ಹಾಗಾಗಿ ಮಗುವನ್ನು ಎತ್ತುವುದನ್ನೇ ಬಿಟ್ಟಳು.

ಹಾಲು ಕುಡಿಸುವುದು ಮಲಗಿಕೊಂಡೇ. ಎತ್ತುವುದು, ತೇಗಿಸುವುದು, ಅತ್ತರೆ ಹೆಗಲ ಮೇಲೆ ಹಾಕಿಕೊಂಡು ಓಡಾಡುವುದು ಅಕ್ಕನಾದ ನನ್ನ ಪಾಲಿಗೆ ಬಂತು. ಬಾಣಂತಿಗೆ ಸುಸ್ತು, ಪಾಪ ಎಂದುಕೊಂಡು ದಿನವೂ ಅವಳ ಮನೆಗೆ ಹೋಗಿಬಂದೆ.

ಒಂದು ಮಧ್ಯಾಹ್ನ ಅವಳಿಗೆ ಕೆಮ್ಮು ಬಂತು. ಎರಡೂ ಕೈಯಲ್ಲಿ ಹೊಟ್ಟೆ ಅವುಚಿಕೊಂಡಳು, ಹಣೆ ಬೆವರಿತು. ಹಿಡಿದುಕೊಳ್ಳಲು ಹೋದ ನನ್ನ ಕೈಗೆ ನೈಟಿಯೊಳಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಕಾಲರಿಗೆ ಹಾಕುವ ದಪ್ಪ ಕ್ಯಾನ್ವಾಸಿನಲ್ಲಿ ತಾನೇ ಹೊಲಿದುಕೊಂಡ ಪಟ್ಟಿ! ಸಡಿಲವೆನಿಸಿದಾಗಲೆಲ್ಲ ಹುಕ್ಕು ಕಿತ್ತು ಇನ್ನಷ್ಟು ಒಳಕ್ಕೆ ಹೊಲಿದು ಬಿಗಿ ಮಾಡುತ್ತ ಬಂದಿದ್ದಳು. ಚರ್ಮದ ಮೇಲೆ ಬಾಸುಂಡೆ ಎದ್ದಿತ್ತು. ತಲೆ ನೆಟ್ಟಗಿದೆಯಾ ಎಂದು ಬೈದೆ. ಬೈದೆನೇ ಹೊರತು ನನಗೂ ಭಯವಾಗಿತ್ತು. ಕೆಮ್ಮಿದರೆ ಉಚ್ಚೆ ಹೋಗುತ್ತದೆ, ಕೆಳಗೆ ಏನೋ ಜಾರಿ ಬೀಳುವ ಹಾಗೆ ಭಾರ ಎಂದು ಆಗ ಬಾಯಿ ಬಿಟ್ಟಳು. ಗಂಡನಿಗೂ ಹೇಳಿರಲಿಲ್ಲ.

ಮಾರನೆಯ ದಿನವೇ ಆಸ್ಪತ್ರೆಗೆ ಹೋದೆವು. ಹೆರಿಗೆ ಡಾಕ್ಟರು ಪರೀಕ್ಷೆ ಮಾಡಿ, ಏನೂ ಜಾರಿಲ್ಲ, ಸ್ನಾಯು ಸೋತಿದೆ ಎಂದು ಫಿಸಿಯೋಥೆರಪಿ ಕೋಣೆಗೆ ಕಳಿಸಿದರು. ಅಲ್ಲಿನ ಮೇಡಂ ಪಟ್ಟಿ ಬಿಚ್ಚಲು ಹೇಳಿದರು. ತಂಗಿ ಹುಕ್ಕುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇದನ್ನ ಬಿಚ್ಚಿದ್ರೆ ಒಳಗಿರೋದೆಲ್ಲ ಹೊರಗೆ ಬರುತ್ತೆ ಮೇಡಂ."

ಮೇಡಂ ನಗಲಿಲ್ಲ. ನನಗೂ ನಗು ಬರಲಿಲ್ಲ. ಏನೂ ಹರಿದಿಲ್ಲ ಎಂದು ಅವರು ವಿವರಿಸಿದರು. ಮಗುವಿಗೆ ಜಾಗ ಮಾಡಿಕೊಡಲು ಹೊಟ್ಟೆಯ ಸ್ನಾಯುಗಳು ಎಡಕ್ಕೂ ಬಲಕ್ಕೂ ಸರಿದಿವೆ, ನಿಧಾನವಾಗಿ ಹತ್ತಿರ ಬರುತ್ತವೆ. ಇಷ್ಟು ಬಿಗಿದರೆ ಒತ್ತಡವೆಲ್ಲ ಕೆಳಕ್ಕೇ ಹೋಗುತ್ತದೆ, ಭಾರ ಹೆಚ್ಚುತ್ತದೆ. ನಾನು ಮುಟ್ಟುವುದಿಲ್ಲ, ನೀವೇ ಬಿಚ್ಚಿ ಎಂದರು.

ಕಣ್ಣು ಮುಚ್ಚಿ ಒಂದೊಂದೇ ಹುಕ್ಕು ಬಿಚ್ಚಿದಳು. ಹೊಟ್ಟೆ ನಾದಿದ ಹಿಟ್ಟಿನಂತೆ ಮೆತ್ತಗೆ ಬಿದ್ದಿತ್ತು, ಅಷ್ಟೇ. ಮಂಡಿ ಮಡಿಸಿ ಮಲಗಿಸಿ, ಉಸಿರು ಬಿಡುತ್ತ ಉಚ್ಚೆ ತಡೆದುಕೊಳ್ಳುವ ಹಾಗೆ ಕೆಳಗಿನಿಂದ ಮೇಲಕ್ಕೆ ಬಿಗಿ ಮಾಡಿ, ಆಮೇಲೆ ಪೂರ್ತಿ ಸಡಿಲ ಬಿಡಲು ಹೇಳಿದರು. ಇದೂ ಒಂದು ವ್ಯಾಯಾಮವಾ ಎಂದುಕೊಂಡೆ. ಅಷ್ಟಕ್ಕೇ ಅವಳ ಗಲ್ಲ ಅದುರುತ್ತಿತ್ತು. ಪಕ್ಕಕ್ಕೆ ಹೊರಳಿ, ಕೈಯೂರಿ ಏಳುವುದನ್ನೂ ಕಲಿಸಿದರು.

ಆಮೇಲೆ ನನ್ನಿಂದ ಮಗುವನ್ನು ಇಸಿದುಕೊಂಡು ಮಂಚದ ಮೇಲೆ ಮಲಗಿಸಿದರು.

"ಉಸಿರು ಬಿಡ್ತಾ ಎತ್ಕೊಳ್ಳಿ. ನಾನು ಇಲ್ಲೇ ಇದೀನಿ."

ತಂಗಿ ನನ್ನ ಮುಖ ನೋಡಿದಳು. ಬೇಡ ಎಂದು ಕೂಗಬೇಕೆಂದು ನನಗನಿಸಿತು. ಅವಳು ಬಗ್ಗಿದಳು, ಉಸಿರು ಬಿಟ್ಟಳು, ಎತ್ತಿದಳು. ಏನೂ ಹರಿಯಲಿಲ್ಲ. ಆದರೆ ಮಗು ಅವಳ ಹೆಗಲ ಮೇಲೆ ಸೆಟೆದುಕೊಂಡು ಚೀರತೊಡಗಿತು. ಅದಕ್ಕೆ ನನ್ನ ಹೆಗಲು ರೂಢಿಯಾಗಿತ್ತು. ನಾನು ತಕ್ಷಣ ಕೈ ಚಾಚಿದೆ.

"ಅಕ್ಕಾ, ತಗೋಬೇಡ," ಎಂದಳು. "ಅಳಲಿ ಬಿಡು. ನನ್ನ ಹೆಗಲೂ ಅದಕ್ಕೆ ಗೊತ್ತಾಗ್ಲಿ."

ಚಾಚಿದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಹಾಗೇ ನಿಂತೆ.