ಫಕೀರವ್ವನಿಗೆ ನಾನಿಟ್ಟ ಹೆಸರು

ಫಕೀರವ್ವ ಉತ್ತರವನ್ನು ಮೊದಲು ಹೇಳುತ್ತಿದ್ದಳು, ಪ್ರಶ್ನೆಗೆ ಕಾಯುತ್ತಿರಲಿಲ್ಲ. ಪ್ಯಾಡಿಗೆ ಹಾಳೆ ಸಿಕ್ಕಿಸಿಕೊಂಡ ಹುಡುಗಿಯರು ಅವಳ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಒಳಗಿಂದ ಶುರುವಾಗುತ್ತಿತ್ತು: “ಮೂವತ್ತೆಂಟು. ಸಾಲಿ ಕಲ್ತಿಲ್ಲ. ಒಂದ ಹೆಣ್ಣು ಕೂಸು. ನೀರು ಹೊರಗಿನ ನಳದ್ದು. ಗಂಡ ಇಲ್ಲ, ಸತ್ತೂ ಇಲ್ಲ. ಕುಂದರ್ರಿ, ಚಾ ಇಡ್ತೀನಿ.” ವಾಸ್ಕೋ ಊರಿನ ಬಾಯ್ನಾ ಕಡಲದಂಡೆಗೆ ಸರ್ವೇ ಮಾಡಲು ಬರುವವರು ಅಷ್ಟು ಮಂದಿ. ಆರೋಗ್ಯದವರು, ಸಂಘದವರು, ಪೇಪರಿನವರು, ಆಮೇಲೆ ನಾವು. ಎಲ್ಲರ ಹಾಳೆಯಲ್ಲೂ ಪ್ರಶ್ನೆಗಳು ಒಂದೇ ಕ್ರಮದಲ್ಲಿ ಬರುತ್ತವೆ ಎಂಬುದು ಅವಳಿಗೆ ತಿಳಿದುಹೋಗಿತ್ತು.

ನಾವು ಅಂದರೆ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗದವರು. ನಾನು ಅಲ್ಲಿ ಪಾಠ ಮಾಡುವವಳಲ್ಲ, ಪಾಠ ಕೇಳುವವಳೂ ಅಲ್ಲ. ಟೈಪ್ ಮಾಡುವುದು, ಹಾಜರಿ ಪಟ್ಟಿ ನೋಡುವುದು, ಜೆರಾಕ್ಸ್ ತೆಗೆಸುವುದು, ಚಹಾದ ಕಪಾಟಿನ ಕೀಲಿ ಇಟ್ಟುಕೊಳ್ಳುವುದು ನನ್ನ ಕೆಲಸ. ಯಜಮಾನರಿಗೆ ಬಂದರಿನ ಕಚೇರಿಯಲ್ಲಿ ನೌಕರಿಯಾದ ಮೇಲೆ ಧಾರವಾಡ ಬಿಟ್ಟು ವಾಸ್ಕೋಗೆ ಬಂದಿದ್ದೆವು. ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು, ಜುವಾರಿ ಸೇತುವೆ ದಾಟಿ, ಎರಡು ಬಸ್ಸು ಬದಲಿಸಿ ಗುಡ್ಡದ ಮೇಲಿನ ಆ ಕಟ್ಟಡಕ್ಕೆ ಹೋಗುತ್ತಿದ್ದೆ. ಕೋರ್ಸು ಹೊಸದು. ಪ್ರವೇಶದ ಸಮಯದಲ್ಲಿ ಒಬ್ಬ ತಂದೆ ನನ್ನ ಮೇಜಿನ ಮುಂದೆ ನಿಂತು, ಇದರಲ್ಲಿ ಉಪ್ಪಿನಕಾಯಿ ಹಾಕುವುದನ್ನೂ ಕಲಿಸುತ್ತಾರೋ ಎಂದು ಕೇಳಿದ್ದರು. ತಮಾಷೆಗಲ್ಲ, ಖರೇ ಕೇಳಿದ್ದರು.

ವಿಭಾಗ ನಡೆಸುತ್ತಿದ್ದವರು ಫಿಲೋಮಿನಾ ಮೇಡಂ. ಮಡಗಾಂವ್ ಕಡೆಯವರು, ಸಣ್ಣ ದನಿ. ತಮ್ಮ ನೀರಿನ ಬಾಟ್ಲಿಯನ್ನು ಬೇರೆಯವರಿಂದ ತುಂಬಿಸಿಕೊಂಡವರಲ್ಲ. ಪುಸ್ತಕ ಓದಿ ಪರೀಕ್ಷೆ ಬರೆದರೆ ಸಾಲದು, ಮನೆಗಳಿಗೆ ಹೋಗಿ ಹೆಂಗಸರ ಮಾತು ಕೇಳಿಕೊಂಡು ಬಂದು ವರದಿ ಬರೆಯಬೇಕು ಎಂಬುದು ಅವರ ನಿಯಮ. ವಿದ್ಯಾರ್ಥಿನಿಯರಿಗೆ ಕೊಂಕಣಿ ಬರುತ್ತಿತ್ತು, ಬಾಯ್ನಾದ ಆ ಓಣಿಯಲ್ಲಿ ಇದ್ದದ್ದು ನಮ್ಮ ಕಡೆಯ ಕನ್ನಡ. ಹೀಗಾಗಿ ಮೇಡಂ ನನ್ನನ್ನೂ ಜೊತೆಗೆ ಕರೆದೊಯ್ದರು. ಸಾವಣೂರಿನ ಫಕೀರವ್ವ ನನಗೆ ಸಿಕ್ಕದ್ದು ಹಾಗೆ.

ಅವಳದು ಒಂದೇ ಖೋಲಿ. ತಗಡಿನ ಗೋಡೆ, ಮೇಲೆ ನೀಲಿ ತಾಡಪತ್ರಿ. ಬಂದರಿನ ಜೆಟ್ಟಿಯಲ್ಲಿ ಹಡಗಿಗೆ ತುಂಬುವಾಗ ಚೆಲ್ಲಿದ ಕಬ್ಬಿಣದ ಅದಿರನ್ನು ಗುಡಿಸಿ ಬುಟ್ಟಿಗೆ ತುಂಬುವ ಕೆಲಸ ಮಾಡುತ್ತಿದ್ದಳು. ಕೈಯ ಗೆರೆಗಳಲ್ಲಿ, ಹಿಮ್ಮಡಿಯ ಒಡಕುಗಳಲ್ಲಿ ಕೆಂಪು ಕೂತುಬಿಟ್ಟಿತ್ತು. “ಕುಂಕುಮ ಅಲ್ರಿ ಬಾಯಾರ, ಬಂದರದ ಬಣ್ಣ. ಸುಣ್ಣ ಹಚ್ಚಿ ತಿಕ್ಕಿದ್ರೂ ಹೋಗೂದಿಲ್ಲ,” ಎಂದು ಅಂಗೈ ತೋರಿಸುತ್ತಿದ್ದಳು. ಎಲ್ಲಿ ಕೂರಬೇಕಾದರೂ ಮೊದಲು ಆ ಜಾಗ ಉಡುಗುತ್ತಿದ್ದಳು. ಕಸಬರಿಗೆ ಸಿಗದಿದ್ದರೆ ಸೆರಗಿನಿಂದ, ಅದೂ ಆಗದಿದ್ದರೆ ಅಂಗೈಯಿಂದ. ಖೋಲಿಯಲ್ಲಿ ನಾಲ್ಕು ಸ್ಟೀಲ್ ಗ್ಲಾಸುಗಳಿದ್ದವು. ನಾವು ಆರು ಜನ ಹೋದರೆ ಇಬ್ಬರು, ಮೊದಲಿನವರು ಕುಡಿದು ಮುಗಿಸುವವರೆಗೆ ಕಾಯಬೇಕಿತ್ತು.

ಮನೆಯಲ್ಲಿ ನಿರ್ಧಾರಗಳನ್ನು ಯಾರು ತೆಗೆದುಕೊಳ್ಳುತ್ತಾರೆ ಎಂಬುದು ಹಾಳೆಯ ಮುಖ್ಯ ಪ್ರಶ್ನೆ. ನಾನು ಅದನ್ನು ಕನ್ನಡ ಮಾಡಿ ಕೇಳಿದೆ.

“ಗಂಡ ಇದ್ದಾಗ ಗಂಡ ತಗೊಂತಿದ್ದ. ಈಗ ಚಿಮಣಿ ಎಣ್ಣಿ ತಗೊಂತೈತಿ,” ಎಂದಳು. “ಅದು ಮುಗೀತಂದ್ರ ಅವಲಕ್ಕಿ. ಅದು ಐತಂದ್ರ ರೊಟ್ಟಿ. ನನ್ನೇನೂ ಕೇಳೂದಿಲ್ಲ.”

ಹುಡುಗಿಯರು ನಕ್ಕರು. ಮೇಡಂ ನಗಲಿಲ್ಲ. ಅವಳು ಹೇಳಿದಂತೆಯೇ ಬರೆದುಕೊಳ್ಳಿ ಎಂದರು.

ಗಂಡ ಇನ್ನೊಬ್ಬಳ ಜೊತೆ ಹುಬ್ಬಳ್ಳಿಗೆ ಹೋಗಿದ್ದ. ಹೋಗುವಾಗ ರೇಷನ್ ಕಾರ್ಡನ್ನೂ ಕೊಂಡೊಯ್ದಿದ್ದ, ಅದು ಅವನ ಹೆಸರಿನಲ್ಲಿತ್ತು. ಇವಳ ವೋಟಿನ ಚೀಟಿ ಸಾವಣೂರಿನದು. “ಅಂವ ಹೋದ್ರ ಹೋಗ್ಲಿ, ಕಾರ್ಡ್ ಇಟ್ಟು ಹೋಗಬೇಕಾಗಿತ್ತು,” ಎನ್ನುವಾಗ ಮಾತ್ರ ಅವಳ ದನಿ ಬೇರೆಯಾಗುತ್ತಿತ್ತು. ಖೋಲಿ ಅವಳೇ ದುಡಿದು ಹಿಡಿದದ್ದು, ಹನ್ನೊಂದು ವರ್ಷ ಅವಳೇ ಇದ್ದದ್ದು. ಆದರೆ ಅಲ್ಲಿ ಅವಳಿದ್ದಳು ಎಂದು ಹೇಳುವ ಒಂದು ಕಾಗದವೂ ಅವಳ ಬಳಿ ಇರಲಿಲ್ಲ.

ಒಮ್ಮೆ ಮೇಡಂ ಅವಳನ್ನು ತರಗತಿಗೇ ಕರೆಸಿದರು. ಒಗೆದ ಸೀರೆ ಉಟ್ಟು, ಮುಡಿಗೆ ಅಬ್ಬಲಿಗೆ ಮುಡಿದು ಬಂದಿದ್ದಳು. ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂತಳು. ಹುಡುಗಿಯರು ಪ್ರಶ್ನೆ ಕೇಳಿ ಮುಗಿಸಿದ ಮೇಲೆ, ನಾನೂ ಒಂದು ಕೇಳಬಹುದೋ ಎಂದಳು.

“ಇದನ್ನ ಪಾಸಾದ್ರ ನೀವು ಏನಾಗ್ತೀರಿ?”

ಒಬ್ಬಳು ಲೆಕ್ಚರರ್ ಎಂದಳು. ನಾನು ತಿಳಿಸಿ ಹೇಳಿದೆ.

“ಅಂದ್ರ ನೀವು ಮತ್ತೊಬ್ಬರಿಗೆ ಕಲಸ್ತೀರಿ. ಅವರು ಇನ್ನೊಬ್ಬರಿಗೆ. ಚಲೋ ಆತು. ಹಂಗ ಕಲಸ್ಕೋತ ಕಲಸ್ಕೋತ ನಮ್ಮ ಓಣಿಗೆ ಯಾವಾಗ ಬರ್ತೀರಿ?”

ಹೋಗುವ ಮುನ್ನ ಮೇಜಿನ ಮೇಲೆ ಚೆಲ್ಲಿದ್ದ ಚಹಾ ಒರೆಸಲು ಹೋದಳು. ಮೇಡಂ ಕೈ ಹಿಡಿದು ತಡೆದರು. “ಬಿಡ್ರಿ ಮೇಡಮ್ಮಾರ, ಕೈ ಕೇಳೂದಿಲ್ಲ,” ಎಂದು ಒರೆಸಿಯೇ ಬಿಟ್ಟಳು.

ಆ ವರ್ಷದ ವರದಿಯನ್ನು ನಾನೇ ಟೈಪ್ ಮಾಡಿದೆ. ಈ ವಿದ್ಯೆಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಮಾಹಿತಿ ಕೊಟ್ಟವರ ನಿಜವಾದ ಹೆಸರು ಎಲ್ಲೂ ಬರಬಾರದು, ಗುರುತು ಸಿಗುವ ವಿವರಗಳನ್ನೂ ಬದಲಿಸಬೇಕು. ನಾಳೆ ಅವರಿಗೆ ಯಾರಿಂದಲೂ ತೊಂದರೆಯಾಗಬಾರದಲ್ಲ. ಮೇಡಂ ಇದನ್ನು ದೇವರ ಮಾತಿನಂತೆ ಪಾಲಿಸುತ್ತಿದ್ದರು. ಇದನ್ನು ಫಕೀರವ್ವನಿಗೆ ತಿಳಿಸುವ ಕೆಲಸ ನನಗೆ ಬಂತು.

“ಯಾಕ? ನಾ ಏನು ಕಳವು ಮಾಡೇನೇನು?” ಎಂದಳು. “ನನ್ನ ಹೆಸರು ಹಾಕ್ರಿ. ಫಕೀರವ್ವ ಅಂತ ಹಾಕ್ರಿ.”

“ನಿಮ್ಮ ಒಳ್ಳೇದಕ್ಕ ಅದು. ನಿಯಮ ಐತಿ,” ಎಂದೆ.

“ನಿಯಮ ಇದ್ರ ಆತು ಬಿಡ್ರಿ. ಓದಿದವರು ನೀವು.”

ಯಾವ ಹೆಸರು ಹಾಕಬೇಕೆಂದು ಹುಡುಗಿಯರು ನನ್ನನ್ನೇ ಕೇಳಿದರು. ನನ್ನನ್ನು ಸಾಕಿ ಬೆಳೆಸಿದ ದೊಡ್ಡತ್ತೆಯ ಹೆಸರು ಸುಮಿತ್ರಾ. ಪ್ರೀತಿಯಿಂದಲೇ ಅದನ್ನು ಕೊಟ್ಟೆ. ಫಕೀರವ್ವ ಎಂದಿದ್ದ ಹದಿನಾಲ್ಕು ಕಡೆ ಸುಮಿತ್ರಾ ಎಂದು ಮಾಡಿದೆ. ಸಾವಣೂರನ್ನು ಬೇರೆ ಊರು ಮಾಡಿದೆ, ಓಣಿಯ ನಂಬರು ಬದಲಿಸಿದೆ, ಬಾಯ್ನಾ ಎಂಬುದೊಂದನ್ನು ಉಳಿಸಿದೆ. ಮೂರು ಸಲ ಓದಿ ತಾಳೆ ನೋಡಿದೆ. ಆಮೇಲೆ ನಿಯಮದ ಪ್ರಕಾರ, ನಿಜವಾದ ಹೆಸರುಗಳಿದ್ದ ಮೂಲ ಹಾಳೆಗಳನ್ನು ವಿಭಾಗದ ಹಿಂದಿನ ಗೇರುಮರದ ಬುಡದಲ್ಲಿ ಸುಟ್ಟೆ. ಒಂದು ಅಕ್ಷರವೂ ಉಳಿಯದಂತೆ ಬೂದಿಯನ್ನು ಕೋಲಿನಿಂದ ಕೆದಕಿದ್ದು ನೆನಪಿದೆ. ನಿನ್ನಂಥ ಅಚ್ಚುಕಟ್ಟಿನವಳು ಸಿಗುವುದಿಲ್ಲ ಎಂದು ಮೇಡಂ ಹೊಗಳಿದರು. ಅವತ್ತು ಬಸ್ಸಿನಲ್ಲಿ ನಾನು ಹಿಗ್ಗಿನಿಂದಲೇ ಮನೆಗೆ ಬಂದೆ.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಸರಕಾರದವರು ಬಾಯ್ನಾದ ಮನೆಗಳನ್ನು ಕೆಡವಿದರು. ನಾನು ಮರುದಿನ ಹೋದೆ. ಅವಳ ಖೋಲಿ ಯಾವುದೆಂದು ಗುರುತಿಸಲು ಆಗಲಿಲ್ಲ. ತಗಡು, ತಾಡಪತ್ರಿ, ಪಾತ್ರೆ ಎಲ್ಲ ಒಂದೇ ರಾಶಿಯಾಗಿ ಮಳೆಯಲ್ಲಿ ತೋಯುತ್ತಿದ್ದವು. ಅವಳು ಮಗಳನ್ನು ಕಟ್ಟಿಕೊಂಡು ಹತ್ತಿರದ ಸಡಾ ಗುಡ್ಡಕ್ಕೆ ಹೋಗಿ, ಗುರುತಿನವರೊಬ್ಬರ ಹಿತ್ತಲಿನ ಚಪ್ಪರದಲ್ಲಿ ಸೇರಿಕೊಂಡಳೆಂದು ಆಮೇಲೆ ಗೊತ್ತಾಯಿತು.

ಕೆಲವು ತಿಂಗಳ ಮೇಲೆ ಅವಳೇ ಹುಡುಕಿಕೊಂಡು ವಿಭಾಗಕ್ಕೆ ಬಂದಳು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಬಹಳ ವರ್ಷದಿಂದ ಇದ್ದವರು ದಾಖಲೆ ತೋರಿಸಿದರೆ ಬೇರೆ ಕಡೆ ಖೋಲಿ ಕೊಡುವ ಪಟ್ಟಿಯಲ್ಲಿ ಸೇರಿಸುತ್ತಾರೆ ಎಂದು ಸುದ್ದಿ ಎದ್ದಿತ್ತು.

“ಆ ಪುಸ್ತಕದಾಗ ನಾ ಅದೀನಲ್ರಿ, ಅದನ್ನ ಕೊಡ್ರಿ,” ಎಂದಳು. “ಹನ್ನೊಂದು ವರ್ಷ ಅಂತ ಬರ್ಕೊಂಡೀರಿ, ಮನಿ ಯಜಮಾನಿ ನಾನ ಅಂತ ಬರ್ಕೊಂಡೀರಿ. ನಾ ನೋಡೀನಿ ನೀವು ಬರಿಯೂದು.”

ನಾನು ಕಪಾಟಿನಿಂದ ಬೈಂಡ್ ಮಾಡಿದ ಪ್ರತಿ ತೆಗೆದೆ. ಅದರಲ್ಲಿ ಅವಳ ಹೆಸರೇ ಇಲ್ಲವೆಂದು ತೆಗೆಯುವಾಗಲೇ ನನಗೆ ಹೊಳೆದುಹೋಗಿತ್ತು. ಆದರೂ ಪುಟ ಬಿಡಿಸಿ ಅವಳಿಗೆ ಓದಿ ಹೇಳಿದೆ. ಸುಮಿತ್ರಾ, ವಯಸ್ಸು ಮೂವತ್ತೆಂಟು, ಬಾಯ್ನಾದಲ್ಲಿ ಹನ್ನೊಂದು ವರ್ಷದಿಂದ ವಾಸ, ಕುಟುಂಬದ ಯಜಮಾನಿ ತಾನೇ.

ಅವಳು ಪುಟದ ಮೇಲೆ ಬೆರಳಿಟ್ಟಳು.

“ಯಾರ್ರಿ ಈಕಿ?”

“ನೀವ, ಫಕೀರವ್ವ.”

“ಹಂಗಾದ್ರ ಈಕೀಗೆ ಮನಿ ಸಿಗ್ತೈತೇನು?”

ಮೇಡಂ ಒಳಗಿನಿಂದ ಬಂದರು, ಕೇಳಿದರು, ಕುರ್ಚಿ ಎಳೆದು ಕೂತರು. ಮೂಲ ಹಾಳೆ ಎಲ್ಲಿ ಎಂದು ನನ್ನನ್ನು ಕೇಳಿದರು. ಎಲ್ಲಿ ಎಂಬುದು ಅವರಿಗೂ ಗೊತ್ತಿತ್ತು. ಕಿಟಕಿಯಿಂದ ಗೇರುಮರ ಕಾಣುತ್ತಿತ್ತು.

ವರದಿಯ ಸುಮಿತ್ರಾ ಎಂದರೆ ಈ ಫಕೀರವ್ವನೇ ಎಂದು ಮೇಡಂ ಪತ್ರ ಬರೆದರು. ಆ ಪುಟದ ಜೆರಾಕ್ಸ್ ತೆಗೆಸಿ ವಿಭಾಗದ ಸಿಕ್ಕಾ ಒತ್ತಿದೆ. ಆ ಪಟ್ಟಿ ಮಾಡುತ್ತಾರೆನ್ನುತ್ತಿದ್ದ ಸರಕಾರಿ ಕಚೇರಿಗೆ ಮೂವರೂ ಹೋದೆವು. ಕಿಟಕಿಯ ಆಚೆ ಕೂತಿದ್ದವನು ಕೆಟ್ಟವನಲ್ಲ, ಪತ್ರವನ್ನು ಎರಡು ಸಲ ಓದಿದ. “ನಾಳೆ ಹತ್ತು ಜನ ಬಂದು ನಾನೇ ಸುಮಿತ್ರಾ ಎಂದರೆ ನಾನು ಏನು ಮಾಡಲಿ ಮೇಡಂ?” ಎಂದ. ಮೇಡಂ ಕೊಂಕಣಿಯಲ್ಲಿ ಬಹಳ ಮಾತಾಡಿದರು, ಮೊದಲ ಸಲ ಅವರ ದನಿ ಏರಿದ್ದನ್ನು ಕೇಳಿದೆ. ಪತ್ರವನ್ನು ಅವನು ಅರ್ಜಿಯ ಜೊತೆ ಇಟ್ಟುಕೊಂಡ, ಜೆರಾಕ್ಸ್ ಹಾಳೆಯನ್ನು ಹಿಂದೆ ಕೊಟ್ಟ. ಅವಳ ಹೆಸರು ಯಾವ ಪಟ್ಟಿಗೂ ಸೇರಲಿಲ್ಲ. ಪಟ್ಟಿ ಎಂಬುದೊಂದು ಇತ್ತೋ ಇಲ್ಲವೋ ಅದೂ ನಮಗೆ ತಿಳಿಯಲಿಲ್ಲ.

ಹೊರಗೆ ಬಂದ ಮೇಲೆ ನಾನು ಅತ್ತೆ. “ನೀವ್ಯಾಕ ಅಳ್ತೀರಿ ಬಾಯಾರ? ನಿಯಮ ಇತ್ತಂದ್ರಿ, ಮಾಡಿದ್ರಿ,” ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆ ಜೆರಾಕ್ಸ್ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಮೇಡಂ ಒಂದೆರಡು ವರ್ಷದಲ್ಲಿ ಕೆಲಸ ಬಿಟ್ಟರು. ಕೋರ್ಸು ನಡೆಯಿತು. ಆ ವರದಿ ಚೆನ್ನಾಗಿದೆ ಎಂದು ಹೊಸಬರಿಗೆ ಮಾದರಿಯಾಗಿ ಕೊಡುವುದು ರೂಢಿಯಾಯಿತು. ಸುಮಿತ್ರಾಳ ಚಿಮಣಿ ಎಣ್ಣೆಯ ಮಾತು ಎಲ್ಲರಿಗೂ ಬಾಯಿಪಾಠ. ಒಂದು ವರ್ಷ ಪ್ರಶ್ನೆಪತ್ರಿಕೆಯಲ್ಲೇ ಬಂತು: ಸುಮಿತ್ರಾಳ ಬದುಕಿನ ಆಧಾರದ ಮೇಲೆ ಮಹಿಳೆ ಮತ್ತು ವಸತಿಯ ಹಕ್ಕನ್ನು ಚರ್ಚಿಸಿ. ಅದನ್ನೂ ನಾನೇ ಟೈಪ್ ಮಾಡಿದೆ.

ಅವಳನ್ನು ಕೊನೆಗೆ ನೋಡಿದ್ದು ಪರ್ವರಿ ಎಂಬ ಊರಿನಲ್ಲಿ, ಎರಡು ಸಾವಿರದ ಹತ್ತರ ಸುಮಾರಿಗೆ. ಅಲ್ಲಿ ನಾವೊಂದು ಫ್ಲ್ಯಾಟ್ ಕೊಂಡಿದ್ದೆವು, ಇನ್ನೂ ಕಟ್ಟುತ್ತಿದ್ದರು. ಒಂದು ಭಾನುವಾರ ನೋಡಲು ಹೋದಾಗ, ಸೀರೆಯ ಮೇಲೆ ಗಂಡಸಿನ ಅಂಗಿ ತೊಟ್ಟು ಸಿಮೆಂಟಿನ ಬುಟ್ಟಿ ಇಳಿಸುತ್ತಿದ್ದವಳು ತಿರುಗಿ ನೋಡಿದಳು. ಕೈಯ ಕೆಂಪು ಹೋಗಿ ಬಿಳಿ ಬಂದಿತ್ತು. ನಾನು ಬಾಯಿ ತೆರೆಯುವುದರೊಳಗೆ ಅವಳೇ ಹೇಳಿದಳು, ಹಳೇ ಕ್ರಮದಲ್ಲೇ:

“ನಲವತ್ತೇಳಾತು. ಮಗಳನ್ನ ಸಾವಣೂರಾಗ ಕೊಟ್ಟೆ, ಬೆಳದ ಹುಡುಗಿನ್ನ ಚಪ್ಪರದಾಗ ಹ್ಯಾಂಗ ಇಟ್ಟುಕೊಳ್ಳಲಿ. ಖೋಲಿ ಸಿಗಲಿಲ್ರಿ. ನೀರು ಟ್ಯಾಂಕರಿಂದು. ಮಣಕಾಲು ನೋಯಾಕತ್ತಾವ. ಇಲ್ಲೇ ಶೆಡ್ಡಿನ್ಯಾಗ ಅದೀನಿ.”

ಕಟ್ಟುತ್ತಿದ್ದ ಗೋಡೆಗಳನ್ನು ನೋಡಿ ಕೇಳಿದಳು:

“ಇದು ನಿಮ್ಮ ಮನಿಯೇನು? ಯಾರ ಹೆಸರ್ಲೆ ಐತಿ?”

“ನಮ್ಮ ಯಜಮಾನರ ಹೆಸರ್ಲೆ.”

“ಇಷ್ಟು ವರ್ಷ ಮೇಡಮ್ಮಾರ ಹತ್ರ ಇದ್ದೂ?” ಎಂದು ನಕ್ಕಳು. ನಾವು ನಿಂತ ಜಾಗದ ಕಸವನ್ನು ಕಾಲಿನಿಂದಲೇ ಸರಿಸಿ ಸ್ವಚ್ಛ ಮಾಡಿ, ಬುಟ್ಟಿ ಹೊತ್ತು ಹೋದಳು.

ಎರಡು ವಾರ ಬಿಟ್ಟು ಎರಡು ಸೀರೆ, ಮೊಣಕಾಲಿಗೆ ಎಣ್ಣೆ, ಒಂದು ಡಬ್ಬಿ ಶೇಂಗಾ ಚಟ್ನಿ ಹಿಡಿದು ಹೋದೆ. ಶೆಡ್ಡುಗಳನ್ನು ಕಿತ್ತಿದ್ದರು. ಕೂಲಿಯವರ ಮೇಸ್ತ್ರಿಯಾಗಿದ್ದ ಮುಕಾದಮ ವಿಜಾಪುರ ಕಡೆಯವನು, ಅವನನ್ನು ಕೇಳಿದೆ.

“ಫಕೀರವ್ವ? ಅಂಥಾ ಹೆಸರಿನಾಕಿ ನಮ್ಮಲ್ಲಿ ಯಾರೂ ಇದ್ದಿಲ್ರಿ.”

ಎಲ್ಲಿ ಕೂತರೂ ಮೊದಲು ಉಡುಗುವವಳು ಎಂದೆ.

“ಓ, ಆಕಿ. ಸುಮಿತ್ರವ್ವ ಅನ್ರಿ,” ಎಂದ. “ಸ್ಲ್ಯಾಬ್ ಮುಗೀತು, ಆ ಗ್ಯಾಂಗ್ ಎಲ್ಲಿ ಹೋತೋ ಯಾರಿಗೆ ಗೊತ್ತು. ಕೆಲಸಕ್ಕ ಬಂದಾಗ ಕಾಗದ ಏನರ ಐತೇನ ಅಂತ ಕೇಳಿದ್ದೆ. ಪ್ಲಾಸ್ಟಿಕ್ ಚೀಲದಾಗಿಂದ ಒಂದು ಹಾಳಿ ತಗದು ಕೊಟ್ಲು. ಸಿಕ್ಕಾ ಇತ್ತು. ಅದ ಹೆಸರು ಬರಕೊಂಡೆ.”

ಹಾಜರಿ ಪುಸ್ತಕ ತೆರೆದು ತೋರಿಸಿದ. ಸುಮಿತ್ರಾ, ಬಾಯ್ನಾ ಎಂದು ಬರೆದಿತ್ತು. ಪಕ್ಕದ ಚೌಕದಲ್ಲಿ ಹೆಬ್ಬೆಟ್ಟಿನ ಗುರುತು. ಅದೊಂದು ಅವಳದಾಗಿತ್ತು.